ಆರ್‌ವಿಯನ್ನು ಚಳಿಗಾಲಕ್ಕೆ ನಿಲ್ಲಿಸುವ ಬಗೆ

ಅಮೆರಿಕದ ಉತ್ತರದ ರಾಜ್ಯಗಳಲ್ಲಿಯೂ ಕೆನಡಾದಲ್ಲಿಯೂ ಆರ್‌ವಿ ಎಂದು ಕರೆಯುವ ವಿಹಾರವಾಹನ, ಅಂದರೆ ಹಾಸಿಗೆ, ಅಡುಗೆಕಟ್ಟೆ, ಬಚ್ಚಲು, ಶೌಚಾಲಯಗಳೆಲ್ಲವನ್ನೂ ಒಳಗೊಂಡು ತಾನೇ ಓಡುವ ಮೋಟಾರ್ ಹೋಮ್ ಅಥವಾ ಮತ್ತೊಂದು ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್, ವರ್ಷದ ಕೆಲವು ತಿಂಗಳು ಮಾತ್ರ ರಸ್ತೆಯ ಮೇಲಿದ್ದು, ಅಕ್ಟೋಬರ್ ಕಳೆಯುವ ಹೊತ್ತಿಗೆ ಮನೆಯಂಗಳವನ್ನೋ ಬಾಡಿಗೆಯ ಜಾಗವನ್ನೋ ಸೇರಿ ಏಪ್ರಿಲ್‌ವರೆಗೆ ಅಲ್ಲಿಯೇ ನಿಲ್ಲುತ್ತದೆ. ಈ ವಾಹನಗಳ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ. ಆ ಪಟ್ಟಣವೇ ಹಿಮ ಸುರಿಯುವ ಸೀಮೆಯಲ್ಲಿದ್ದರೂ, ಅಲ್ಲಿಂದ ಹೊರಬೀಳುವ ಹೆಚ್ಚಿನ ವಾಹನಗಳ ನೀರಿನ ವ್ಯವಸ್ಥೆ ಬೇಸಿಗೆಯನ್ನು ಮಾತ್ರ ನೆಚ್ಚಿಕೊಂಡಿರುವುದು ಸ್ವಲ್ಪ ವಿಚಿತ್ರವೇ ಸರಿ.

ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮಿನೆಸೋಟಾದ ಜನವರಿ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವಲ್ಲವಾದ್ದರಿಂದ, ವಾಹನದೊಳಗೆ ಉಳಿದ ನೀರು ಹೆಪ್ಪುಗಟ್ಟಿ, ಹಿಗ್ಗಲು ಎಡೆಯಿಲ್ಲದೆ, ತನ್ನನ್ನು ಹಿಡಿದಿಟ್ಟಿರುವ ಭಾಗವನ್ನೇ ಸೀಳುತ್ತದೆ. ಈಗಿನ ಪ್ಲಾಸ್ಟಿಕ್ ಪೈಪುಗಳು ಒಂದಿಷ್ಟು ಬಾಗಿ ತಾಳಿಕೊಳ್ಳಬಲ್ಲವು; ಒಡೆಯುವುದು ಹೆಚ್ಚಾಗಿ ಪೈಪಿನ ಕೀಲುಗಳು, ನೀರೆತ್ತುವ ಪಂಪಿನ ತಲೆ, ಶೌಚಾಲಯದ ಹಿಂಬದಿಯ ವಾಲ್ವ್ ಮುಂತಾದ ಬಿಗಿಯಾದ ಭಾಗಗಳು. ಒಡೆದದ್ದು ಆಗಲೇ ತಿಳಿಯುವುದೂ ಇಲ್ಲ, ಏಕೆಂದರೆ ಬಿರುಕನ್ನು ಮಂಜುಗಡ್ಡೆಯೇ ಮುಚ್ಚಿರುತ್ತದೆ, ವಸಂತದಲ್ಲಿ ಅದು ಕರಗಿ ಪಂಪು ಓಡಿದಾಗಲಷ್ಟೇ ಗೋಡೆಯೊಳಗಿಂದ ನೀರು ಒಸರುತ್ತದೆ.

ಆದ್ದರಿಂದ ಸಿದ್ಧತೆಯ ಮುಕ್ಕಾಲು ಪಾಲು ನೀರನ್ನು ಹೊರಹಾಕುವ ಕೆಲಸವೇ ಆಗಿದೆ. ವಾಹನದಲ್ಲಿ ಶುದ್ಧ ನೀರಿಗೆ ಒಂದು, ಸಿಂಕು ಮತ್ತು ಬಚ್ಚಲಿನ ಕೊಳೆನೀರಿಗೆ ಒಂದು, ಶೌಚಕ್ಕೆ ಒಂದು ಎಂಬಂತೆ ಸಾಮಾನ್ಯವಾಗಿ ಮೂರು ಟ್ಯಾಂಕುಗಳಿದ್ದು, ಕೊನೆಯ ಎರಡನ್ನು ನಿಗದಿತ ವಿಲೇವಾರಿ ಸ್ಥಳದಲ್ಲಿಯೇ ಬರಿದುಮಾಡಿ ತೊಳೆಯಬೇಕಾಗುತ್ತದೆ. ನೀರು ಕಾಯಿಸುವ, 23 ಅಥವಾ 38 ಲೀಟರ್ ಹಿಡಿಸುವ ಹೀಟರನ್ನು ಆರಿಸಿ, ಅದು ಪೂರ್ತಿ ತಣಿದು ಒತ್ತಡ ಇಳಿದ ಮೇಲೆಯೇ ತಳದ ಬಿರಡೆ ತೆಗೆಯಬೇಕು. ಅವಸರಪಟ್ಟರೆ ಕುದಿನೀರು ಮೈಮೇಲೆ ಚಿಮ್ಮುತ್ತದೆ. ಆದರೆ ಟ್ಯಾಂಕುಗಳು ಬರಿದಾದ ಮಾತ್ರಕ್ಕೆ ವಾಹನ ಬರಿದಾಗುವುದಿಲ್ಲ. ಪೈಪಿನ ತಗ್ಗುಗಳಲ್ಲಿ, ಹೊರಗಿನ ಶವರಿನಲ್ಲಿ, ಸಿಂಕಿನ ಕೆಳಗೆ ದುರ್ವಾಸನೆ ತಡೆಯಲೆಂದು ಬಾಗಿಸಿರುವ ಕೊಳವೆಯಲ್ಲಿ ನೀರು ಅಡಗಿರುತ್ತದೆ. ಇದನ್ನು ಕೆಲವರು ಹದವಾದ ಒತ್ತಡದ ಗಾಳಿ ಊದಿ ಓಡಿಸುತ್ತಾರೆ. ಸಿಂಕಿನ ಕೆಳಗಿನ ಆ ಬಾಗಿದ ಕೊಳವೆಗೆ ಮಾತ್ರ ಗಾಳಿಯಿಂದ ಪ್ರಯೋಜನವಿಲ್ಲ.

ಹೆಚ್ಚು ಭರವಸೆಯ ದಾರಿಯೆಂದರೆ ಹೆಪ್ಪುನಿರೋಧಕ ದ್ರವವನ್ನು ಪೈಪುಗಳಲ್ಲಿ ತುಂಬುವುದು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷವಾದ್ದರಿಂದ ಕುಡಿಯುವ ನೀರಿನ ಪೈಪಿಗೆ ಅದು ಸಲ್ಲದು. ಇದಕ್ಕೆಂದೇ ಸಿಗುವ, ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ ಗುಲಾಬಿ ಬಣ್ಣದ ದ್ರವವನ್ನು ಬಳಸುತ್ತಾರೆ. ಮೊದಲು ಬೈಪಾಸ್ ವಾಲ್ವನ್ನು, ಅಂದರೆ ಹೀಟರಿನೊಳಗೆ ಹೋಗದಂತೆ ನೀರನ್ನು ಬಳಸುದಾರಿಗೆ ತಿರುಗಿಸುವ ವಾಲ್ವನ್ನು, ತಿರುಗಿಸಿಡಲಾಗುತ್ತದೆ. ಇಲ್ಲವಾದರೆ ಹೀಟರೇ ಹತ್ತಾರು ಲೀಟರ್ ದ್ರವವನ್ನು ನುಂಗಿಬಿಡುತ್ತದೆ. ಬಳಿಕ ಪಂಪು ಓಡಿಸಿ ಒಂದೊಂದೇ ನಲ್ಲಿಯನ್ನು, ಬಿಸಿನೀರಿನದನ್ನೂ ತಣ್ಣೀರಿನದನ್ನೂ ಬೇರೆಬೇರೆಯಾಗಿ, ಗುಲಾಬಿ ಬಣ್ಣ ಕಾಣುವವರೆಗೆ ತೆರೆದು ಮುಚ್ಚಿ, ಕೊನೆಗೆ ಪ್ರತಿ ಸಿಂಕಿಗೂ ಒಂದಿಷ್ಟು ಸುರಿಯಬೇಕು. ಡಬ್ಬಿಯ ಮೇಲಿನ ಸೊನ್ನೆಗಿಂತ 50 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಎಂಬ ಅಂಕಿಯನ್ನು ಹಲವರು ತಪ್ಪಾಗಿ ಗ್ರಹಿಸುತ್ತಾರೆ: ಅದು ಪೈಪು ಒಡೆಯದಂತೆ ಕಾಯುವ ಮಿತಿಯೇ ಹೊರತು ದ್ರವವು ಗಟ್ಟಿಯಾಗದೆ ಉಳಿಯುವ ಮಿತಿಯಲ್ಲ, ಅದಕ್ಕೆ ಬಹಳ ಮೊದಲೇ ಅದು ಕೆಸರಿನಂತೆ ಮಂದವಾಗಿರುತ್ತದೆ.

ಬ್ಯಾಟರಿಯ ವಿಷಯದಲ್ಲಿ ಚಳಿಗಿಂತ ಅಲಕ್ಷ್ಯವೇ ದೊಡ್ಡ ಶತ್ರು. ಪೂರ್ತಿ ಚಾರ್ಜಾದ ಸೀಸ-ಆಮ್ಲದ ಬ್ಯಾಟರಿಯ ದ್ರವ ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೆಪ್ಪುಗಟ್ಟದು, ಆದರೆ ಬರಿದಾದ ಬ್ಯಾಟರಿ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಬಿರಿಯಬಲ್ಲದು. ದೀಪಗಳನ್ನೆಲ್ಲ ಆರಿಸಿದ್ದರೂ ಅನಿಲ ಸೋರಿಕೆಯ ಎಚ್ಚರಿಕೆ ಗಂಟೆಯಂತಹ ಉಪಕರಣಗಳು ಸದ್ದಿಲ್ಲದೆ ವಿದ್ಯುತ್ ಹೀರುತ್ತಿರುವುದರಿಂದ, ಬ್ಯಾಟರಿಯನ್ನು ಬಿಚ್ಚಿ ಒಳಗಿಟ್ಟು ಆಗಾಗ ಚಾರ್ಜು ಮಾಡುವುದೇ ಲೇಸು. ಲಿಥಿಯಂ ಬ್ಯಾಟರಿಯಾದರೆ ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜು ಮಾಡಲೇಬಾರದು.

ಉಳಿದವು ಸಣ್ಣ ಕೆಲಸಗಳು. ಪೆಟ್ರೋಲ್ ಟ್ಯಾಂಕನ್ನು ತುಂಬಿಸಿ ಸ್ಥಿರಕಾರಕ ಬೆರೆಸಿ, ಅದು ಎಂಜಿನ್ನು ಮತ್ತು ಜನರೇಟರಿನ ಒಳಭಾಗಗಳನ್ನು ತಲುಪುವಂತೆ ಸ್ವಲ್ಪ ಹೊತ್ತು ಓಡಿಸಬೇಕು. ಫ್ರಿಜ್ಜನ್ನು ಒರೆಸಿ ಬಾಗಿಲನ್ನು ಓರೆಯಾಗಿ ತೆರೆದಿಡಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿಸಿ ಬಿಸಿಲು ತಾಗದಂತೆ ಹೊದಿಸಬೇಕು. ವಾಹನಕ್ಕೆ ಹೊದಿಸಲು ಅಗ್ಗದ ಟಾರ್ಪಾಲಿನ ಬದಲು ಗಾಳಿಯಾಡುವ ಹೊದಿಕೆಯೇ ಒಳ್ಳೆಯದು, ಏಕೆಂದರೆ ಟಾರ್ಪಾಲು ತೇವವನ್ನು ಒಳಗೇ ಹಿಡಿದಿಡುತ್ತದೆ. ಇಲಿಗಳು ಬೆರಳು ತೂರದ ಸಂದಿಯಲ್ಲೂ ನುಗ್ಗಿ ವೈರು ಕಡಿಯುವುದರಿಂದ, ಪೈಪು ಮತ್ತು ವೈರು ಒಳಬರುವ ತೂತುಗಳಿಗೆ ಉಕ್ಕಿನ ನಾರು ತುರುಕುವುದು ವಾಡಿಕೆ. ಹೆಪ್ಪುಗಟ್ಟುವ ಚಳಿಯಿಲ್ಲದ ಕರ್ನಾಟಕದಲ್ಲಿ ಕ್ಯಾರವಾನ್ ಇಟ್ಟುಕೊಂಡವರಿಗೂ ಮಳೆಗಾಲದಲ್ಲಿ ಈ ಕೊನೆಯ ಎರಡು ಮಾತು ಅನ್ವಯಿಸುತ್ತವೆ.

ವಸಂತದಲ್ಲಿ ವಾಹನ ಮತ್ತೆ ಹೊರಡುವ ಮೊದಲು, ಗುಲಾಬಿ ಬಣ್ಣ ಪೂರ್ತಿ ಹೋಗುವವರೆಗೆ ಪೈಪುಗಳಲ್ಲಿ ನೀರು ಹರಿಸಿ, ಬಳಿಕ ಸುಮಾರು 55 ಲೀಟರ್ ನೀರಿಗೆ 60 ಮಿ.ಲೀ.ನಂತೆ ಮನೆಬಳಕೆಯ ಬ್ಲೀಚ್ ಬೆರೆಸಿ ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವಂತೆ ತೊಳೆಯಲಾಗುತ್ತದೆ. ಅನಿಲದ ಒಲೆಯ ಕೊಳವೆಗಳಲ್ಲಿ ಜೇಡಗಳು ಬಲೆ ನೇಯ್ದಿರಬಹುದಾದ್ದರಿಂದ ಉರಿಸುವ ಮೊದಲು ಅವನ್ನೂ ನೋಡಬೇಕು. ಈ ಗಡಿಬಿಡಿಯಲ್ಲಿ ಬೈಪಾಸ್ ವಾಲ್ವನ್ನು ಹಿಂದಿನ ಸ್ಥಿತಿಗೆ ತಿರುಗಿಸಲು ಮರೆತು, ಬರಿದಾದ ಹೀಟರಿನ ವಿದ್ಯುತ್ ಗುಂಡಿ ಒತ್ತಿದರೆ, ಅದರೊಳಗಿನ ಕಾಯಿಲು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ.