ಹೊಂಡದ ಬಳಿ ಹೊಸ ಹುಳವೇ? ಔಷಧಿ ಸುರಿಯುವ ಮುನ್ನ ರೆಕ್ಕೆ ಎಣಿಸಿ



ಮಳೆಗೆ ಕೃಷಿ ಹೊಂಡಗಳು ತುಂಬುತ್ತಿದ್ದಂತೆ ನನ್ನ ಮೊಬೈಲಿಗೆ ಹುಳಗಳ ಫೋಟೊ ಬರತೊಡಗುತ್ತವೆ. "ಸರ್, ಇದ್ಯಾವ ಹುಳ? ಹಸುವಿಗೆ ಕಚ್ಚುತ್ತಾ?" ಕಳೆದ ಮಳೆಗಾಲದಲ್ಲಿ ರೈತರೊಬ್ಬರು ಹೀಗೆ ಫೋಟೊ ಕಳಿಸಿದ್ದರು. ನಾನು ಫೋನ್ ಮಾಡುವಷ್ಟರಲ್ಲಿ ಕೀಟನಾಶಕದ ಡಬ್ಬಿ ಹಿಡಿದು ಹೊಂಡದ ದಡದಲ್ಲಿ ನಿಂತಿದ್ದರು. ಅವರ ನಾಲ್ಕು ಹಸುಗಳು ಕುಡಿಯುವುದು ಅದೇ ನೀರು. ಫೋಟೊದಲ್ಲಿದ್ದದ್ದು ಏರೋಪ್ಲೇನ್ ಚಿಟ್ಟೆಯ ಮರಿ!

ಈ ಮರಿ ನೀರಿನಲ್ಲೇ ಬೆಳೆದು ಸೊಳ್ಳೆ ಮರಿಗಳನ್ನು ತಿನ್ನುತ್ತದೆ. ದೊಡ್ಡದಾದ ಮೇಲೆ ಹಾರುವ ಸೊಳ್ಳೆ, ನೊಣಗಳನ್ನು ಹಿಡಿಯುತ್ತದೆ. ಅಂದರೆ ಸಂಬಳವಿಲ್ಲದ ಕಾವಲುಗಾರ. ಬೆನ್ನ ತುಂಬ ಮೊಟ್ಟೆ ಹೊತ್ತು ಈಜುವ ಚಪ್ಪಟೆ ಹುಳವನ್ನೂ ಹಲವರು ಕಳಿಸುತ್ತಾರೆ. ಮೊಟ್ಟೆ ಹೊರುವುದು ಗಂಡು ಹುಳ. ಕೈಯಲ್ಲಿ ಹಿಡಿದರೆ ಚುಚ್ಚೀತು, ಆದರೆ ದನಗಳ ರಕ್ತ ಹೀರುವುದಿಲ್ಲ. ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಹುಳವೂ ನಿರಪಾಯಕಾರಿ.

ಹಾಗಾದರೆ ಶತ್ರು ಯಾರು? ಹಾರುವ ಹುಳವಾದರೆ ರೆಕ್ಕೆ ಎಣಿಸಿ. ಏರೋಪ್ಲೇನ್ ಚಿಟ್ಟೆಗೆ ನಾಲ್ಕು ರೆಕ್ಕೆ. ನಮ್ಮ ದನಗಳ ರಕ್ತ ಹೀರುವ ನೊಣ, ಸೊಳ್ಳೆಗಳಿಗೆ ಎರಡೇ. ಎರಡು ರೆಕ್ಕೆಯವೆಲ್ಲ ಕಚ್ಚುವುದಿಲ್ಲ, ಆದರೆ ಅನುಮಾನ ಅಲ್ಲಿಂದ ಶುರುವಾಗಲಿ. ಮನೆ ನೊಣಕ್ಕಿಂತ ದೊಡ್ಡದು, ದಪ್ಪ ಮೈ, ತಲೆಯ ತುಂಬ ಕಣ್ಣು – ಇದು ಕುದುರೆ ನೊಣ. ನೀರಿನ ಅಂಚಿನ ಗಿಡಗಳ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ, ಮರಿ ಕೆಸರಿನಲ್ಲಿ ಬೆಳೆಯುತ್ತದೆ. ರಕ್ತ ಹೀರುವುದು ಹೆಣ್ಣು ಮಾತ್ರ. ಹಸು ಬಾಲ ಬೀಸಿದರೆ ಬಾಯಲ್ಲಿ ಹಸಿ ರಕ್ತದೊಂದಿಗೆ ಪಕ್ಕದ ಹಸುವಿನ ಮೇಲೆ ಕೂರುತ್ತದೆ. ಸರ್ರಾ ರೋಗ ಹರಡುವುದು ಹೀಗೆ.

ಬಿಟ್ಟು ಬಿಟ್ಟು ಜ್ವರ, ಹಾಲು ಇಳಿಯುವುದು, ಮೇವು ತಿಂದರೂ ಸೊರಗುವುದು, ಕಣ್ಣಿನ ಒಳಪದರ ಬಿಳಿಚಿಕೊಳ್ಳುವುದು ಇದರ ಲಕ್ಷಣ. ಕೆಲವು ಹಸುಗಳು ನಿಂತಲ್ಲೇ ಸುತ್ತು ಹಾಕುತ್ತವೆ. ಇಂಥದ್ದು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಜ್ವರ ಏರಿರುವಾಗ, ಇಂಜೆಕ್ಷನ್ ಕೊಡಿಸುವ ಮೊದಲೇ ರಕ್ತ ಪರೀಕ್ಷೆಯಾದರೆ ರೋಗಾಣು ಸಿಗುವ ಸಾಧ್ಯತೆ ಹೆಚ್ಚು.

ನೀವು ಮಾಡಬೇಕಾದದ್ದು ಇಷ್ಟು:

• ಹೊಂಡದ ನೀರಿಗೆ ಕೀಟನಾಶಕ ಹಾಕಬೇಡಿ. ಆ ವಿಷ ಹಸುವಿನ ಹೊಟ್ಟೆಗೂ ಹೋಗುತ್ತದೆ. ಕಾವಲುಗಾರ ಹುಳಗಳೂ ಸಾಯುತ್ತವೆ.

• ಹೊಂಡದ ಅಂಚಿನ ಕಳೆ ಕೀಳಿಸಿ, ಕೆಸರು ನಿಲ್ಲದಂತೆ ನೋಡಿಕೊಳ್ಳಿ.

• ಕುದುರೆ ನೊಣದ ಕಾಟ ಬಿಸಿಲಿನ ಹೊತ್ತಿನಲ್ಲಿ ಹೆಚ್ಚು. ಆಗ ದನಗಳನ್ನು ಹೊಂಡದ ಬಳಿ ಕಟ್ಟಬೇಡಿ.

• ಫೋಟೊ ತೆಗೆಯುವಾಗ ಹುಳದ ಪಕ್ಕ ಒಂದು ನಾಣ್ಯವಿಡಿ, ಗಾತ್ರ ತಿಳಿಯುತ್ತದೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ನೀರಿನಲ್ಲಿ ಸಿಕ್ಕಿತೋ, ಹಸುವಿನ ಮೈಮೇಲೆ ಸಿಕ್ಕಿತೋ ಬರೆಯಿರಿ.

ಅಂದು ಡಬ್ಬಿ ಹಿಡಿದಿದ್ದ ರೈತರು ಈಗಲೂ ಫೋಟೊ ಕಳಿಸುತ್ತಾರೆ. ಜೊತೆಗೆ ಒಂದು ಸಾಲು ಬರೆದಿರುತ್ತಾರೆ: "ಸರ್, ರೆಕ್ಕೆ ನಾಲ್ಕು. ಬಿಟ್ಟಿದ್ದೀನಿ."