ಪಟ್ಟಿಯಲ್ಲಿ ಒಂದು ಹೆಸರು

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ಬದುಕಿನ ವಿಪರ್ಯಾಸವನ್ನು ಹೇಳುವುದಕ್ಕೆ ಬಳಸುತ್ತೇವೆಯೇ ಹೊರತು ಹಲ್ಲಿನ ಬಗೆಗೆ ಯೋಚಿಸುವುದಕ್ಕಲ್ಲ. ನೋಯುವವರೆಗೆ ಹಲ್ಲೊಂದು ಇದೆ ಎಂಬುದೇ ನಮಗೆ ನೆನಪಿರುವುದಿಲ್ಲ. ನೋವು ಹತ್ತಿದ ರಾತ್ರಿ ಮಾತ್ರ ಬೆಳಗಾಗುವುದನ್ನೇ ಕಾಯುತ್ತೇವೆ. ಬೆಳಗಾದೊಡನೆ ಯಾವುದೋ ಒಂದು ಬೋರ್ಡನ್ನು ನೋಡಿ ಒಳಗೆ ಹೋಗಿ, ಹಿಂದೆಂದೂ ಕಾಣದ ಒಬ್ಬರ ಮುಂದೆ ಒರಗಿ ಕುಳಿತು ಬಾಯಿ ತೆರೆಯುತ್ತೇವೆ. ಅವರ ಕೈಯಲ್ಲಿ ಸೂಜಿಯಿರುತ್ತದೆ, ಇಕ್ಕಳವಿರುತ್ತದೆ. ಅಪರಿಚಿತರಿಗೆ ಮನೆಯ ಬೀಗದ ಕೈ ಕೊಡದ ನಮಗೆ ಇಲ್ಲಿ ಈ ಧೈರ್ಯ ಎಲ್ಲಿಂದ ಬರುತ್ತದೆ? ಅದರ ಹಿಂದೆ ನಮ್ಮಲ್ಲಿ ಬಹುಮಂದಿ ಎಂದೂ ಕಾಣದ ಒಂದು ಪುಸ್ತಕವಿದೆ. ಅದು ದಂತವೈದ್ಯರ ನೋಂದಣಿ ಪುಸ್ತಕ. ಅದರಲ್ಲಿ ತನ್ನ ಹೆಸರನ್ನು ಬರೆಸಿಕೊಳ್ಳಲು ಒಬ್ಬ ಯುವಕನೋ ಯುವತಿಯೋ ಸಲ್ಲಿಸುವ ಅರ್ಜಿಯ ಅರ್ಥವೇನು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಕನ್ನಡ ಪಾಠ ಹೇಳಿದವನಿಗೆ ಈ ವಿಚಾರವೇಕೆ ಎಂದು ಕೇಳಬಹುದು. ಬಿ.ಡಿ.ಎಸ್. ಮುಗಿಸಿದ ನನ್ನ ತಮ್ಮನ ಮಗಳು ರಾಜ್ಯದ ದಂತವೈದ್ಯ ಪರಿಷತ್ತಿಗೆ ಅರ್ಜಿ ತುಂಬುತ್ತಿದ್ದಾಗ, “ದೊಡ್ಡಪ್ಪ, ನಾಲ್ಕು ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ, ಯೂನಿವರ್ಸಿಟಿಯವರೇ ಪಾಸು ಅಂದ ಮೇಲೂ ಇನ್ನೊಬ್ಬರ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುತ್ತ ನಾನು ಕಾನೂನಿನ ಪುಟಗಳನ್ನು ತಿರುವಬೇಕಾಯಿತು.

ಮೊದಲು ಮಾತುಗಳನ್ನೇ ನೋಡೋಣ. ‘ಪದವಿ’ ಸಂಸ್ಕೃತದ ಶಬ್ದ. ಸ್ಥಾನ ಎಂಬ ಅರ್ಥದ ಜೊತೆಗೆ ದಾರಿ ಎಂಬ ಅರ್ಥವೂ ಅದಕ್ಕುಂಟು. ‘ಅರ್ಜಿ’ ಅರಬ್ಬಿ ಮೂಲದ್ದು, ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದದ್ದು. ಬಿನ್ನಹ ಎಂಬುದು ಅದರ ಭಾವ. ‘ನೋಂದಣಿ’ ಮರಾಠಿಯಿಂದ ಬಂದ ನೆಂಟ. ಗುರುತು ಹಾಕಿಡುವುದು, ಬರೆದಿಡುವುದು ಎಂದು ಅದರ ತಾತ್ಪರ್ಯ. ದಾರಿ, ಬಿನ್ನಹ, ಬರೆಹ, ಈ ಮೂರು ಒಂದಾದ ಮೇಲೆ ನೆತ್ತರು ಕಾಣುವಂಥ ಒಂದು ವೃತ್ತಿ ಪ್ರಾರಂಭವಾಗುತ್ತದೆ.

ಈ ಪದ್ಧತಿ ಬಹಳ ಹಳೆಯದೇನೂ ಅಲ್ಲ. ಇಂಗ್ಲೆಂಡಿನಲ್ಲಿ 1878ರಲ್ಲಿ ದಂತವೈದ್ಯರ ಕಾಯಿದೆಯಾಯಿತು. ಆದರೆ ಅದು ಕಾಪಾಡಿದ್ದು ಹೆಸರನ್ನು ಮಾತ್ರ. ನೋಂದಣಿಯಿಲ್ಲದವನು ತನ್ನನ್ನು ದಂತವೈದ್ಯನೆಂದು ಕರೆದುಕೊಳ್ಳುವಂತಿರಲಿಲ್ಲ. ಬೇರೆ ಬೋರ್ಡು ತೂಗುಹಾಕಿ ಹಲ್ಲು ಕೀಳುವುದಕ್ಕೆ ಅಡ್ಡಿಯಿರಲಿಲ್ಲ. ಹೆಸರಿನ ಜೊತೆಗೆ ಕೆಲಸಕ್ಕೂ ಬೇಲಿ ಹಾಕಲು ಅಲ್ಲಿಯವರಿಗೆ 1921ರವರೆಗೆ ಕಾಲ ಹಿಡಿಯಿತು. ನಮ್ಮ ದೇಶದಲ್ಲಿ ಡಾಕ್ಟರ್ ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. 1939ರಲ್ಲಿ ಬಂಗಾಳ ಪ್ರಾಂತದಲ್ಲಿ ಇದಕ್ಕೆಂದೇ ಒಂದು ಕಾಯಿದೆ ಬಂದುದರ ಹಿಂದೆಯೂ ಅವರ ಶ್ರಮವಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದೇಶಕ್ಕೆಲ್ಲ ಅನ್ವಯಿಸುವ ದಂತವೈದ್ಯರ ಕಾಯಿದೆ ಜಾರಿಗೆ ಬಂದಿತು. 1949ರಲ್ಲಿ ಭಾರತೀಯ ದಂತವೈದ್ಯ ಪರಿಷತ್ತು ಅಸ್ತಿತ್ವಕ್ಕೆ ಬಂದಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ಪ್ರಾರಂಭವಾದದ್ದು 1958ರಲ್ಲಿ ಎಂಬುದನ್ನು ನೆನೆದರೆ, ಕಾನೂನು ನಮ್ಮ ರಾಜ್ಯದ ಆ ಕಾಲೇಜಿಗಿಂತ ಒಂದು ದಶಕ ಮೊದಲೇ ಬಂದಿತ್ತು ಎಂಬುದು ಸ್ಪಷ್ಟವಾಗುತ್ತದೆ.

1948ರ ಆ ಕಾಯಿದೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಒಂದು ಸಂಗತಿಯಿದೆ. ದಂತವೈದ್ಯರ ಪಟ್ಟಿಯನ್ನು ಅದು ಎರಡು ಭಾಗ ಮಾಡಿತು. ಮೊದಲನೆಯದು ಮಾನ್ಯತೆಯಿರುವ ಪದವಿಯನ್ನು ಪಡೆದವರದು. ಎರಡನೆಯದು, ಪದವಿ ಇಲ್ಲದಿದ್ದರೂ ಐದು ವರ್ಷಕ್ಕೆ ಕಡಮೆಯಿಲ್ಲದಂತೆ ಇದೇ ಕೆಲಸವನ್ನು ಮುಖ್ಯ ಜೀವನೋಪಾಯವಾಗಿ ಮಾಡಿಕೊಂಡು ಬಂದಿದ್ದವರದು. ಅಂಗಡಿ ಬೀದಿಯಲ್ಲಿ ಹಲ್ಲು ಕಟ್ಟುತ್ತ ಸಂಸಾರ ಸಾಕಿದವನನ್ನು ಹೊಸ ಕಾನೂನು ಒಂದೇ ದಿನದಲ್ಲಿ ಬೀದಿಪಾಲು ಮಾಡಲಿಲ್ಲ. ಮುಂದೆ 1972ರಲ್ಲಿ ತಂದ ತಿದ್ದುಪಡಿಯಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರನ್ನೂ ಬರ್ಮಾ, ಸಿಂಹಳ ಮೊದಲಾದ ದೇಶಗಳಿಂದ ಎಲ್ಲವನ್ನೂ ಬಿಟ್ಟು ಮರಳಿದವರನ್ನೂ ನೆನೆಯಲಾಯಿತು. ಇನ್ನು ಮುಂದೆ ಬರುವವರು ಕಲಿತೇ ಬರಬೇಕು, ಈಗಾಗಲೇ ಇರುವವರು ಬದುಕಬೇಕು: ಇದು ಶಾಸನದ ಕಠೋರ ಭಾಷೆಯೊಳಗೆ ಅಡಗಿದ ಕರುಣೆ. ದಂತವೈದ್ಯರಿಗಷ್ಟೇ ಅಲ್ಲದೆ, ಹಲ್ಲು ಶುಚಿ ಮಾಡುವ ಹೈಜಿನಿಸ್ಟರಿಗೂ, ಕಟ್ಟುವ ಹಲ್ಲನ್ನು ತಯಾರಿಸುವ ಮೆಕ್ಯಾನಿಕ್ಕುಗಳಿಗೂ ಬೇರೆ ಬೇರೆ ಪಟ್ಟಿಗಳನ್ನು ಅದು ಏರ್ಪಡಿಸಿತು.

ಈಗ ಅರ್ಜಿಗೆ ಬರೋಣ. ಅದರೊಂದಿಗೆ ಇಡುವ ಕಾಗದಗಳು ಮೇಲ್ನೋಟಕ್ಕೆ ಬರಿಯ ಕಚೇರಿಯ ಕಾಟವೆನ್ನಿಸುತ್ತವೆ. ಆದರೆ ಒಂದೊಂದು ಕಾಗದವೂ ರೋಗಿ ಕೇಳಬೇಕಾಗಿದ್ದ, ಕೇಳಲಾರದ ಒಂದೊಂದು ಪ್ರಶ್ನೆಗೆ ಉತ್ತರ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ‘ನೀನು ಯಾರು’ ಎಂಬುದಕ್ಕೆ. ಪದವಿಯ ಪ್ರಮಾಣಪತ್ರ ‘ಏನನ್ನು ಕಲಿತೆ’ ಎಂಬುದಕ್ಕೆ. ಇಂಟರ್ನ್‌ಶಿಪ್ ಮುಗಿಸಿದ ಪತ್ರ ‘ಕೈ ಪಳಗಿದೆಯೆ’ ಎಂಬುದಕ್ಕೆ. ಒಂದು ಕಾಗದದಲ್ಲಿ ಇನಿಷಿಯಲ್ಲು ಹಿಂದೆ, ಇನ್ನೊಂದರಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಮುಂದೆ ಇದ್ದರೆ ಗುಮಾಸ್ತರು ತಕರಾರು ತೆಗೆಯುತ್ತಾರೆ. ನಮಗೆ ಸಿಟ್ಟು ಬರುತ್ತದೆ. ಒಬ್ಬರ ಪದವಿಯನ್ನು ಇನ್ನೊಬ್ಬರು ಗೋಡೆಗೆ ತೂಗುಹಾಕದಂತೆ ಕಾಯುವುದು ಆ ತಕರಾರೇ ಎಂಬುದನ್ನು ಮರೆಯುತ್ತೇವೆ.

ಕಾಯದಿದ್ದರೆ ಏನಾಗುತ್ತದೆ? ಕಲಿಯದ ಕೈ ಕಟ್ಟಿದ ಹಲ್ಲನ್ನು ಅಕ್ರಿಲಿಕ್ ಹಾಕಿ ಪಕ್ಕದ ಒಳ್ಳೆಯ ಹಲ್ಲುಗಳಿಗೆ ಅಂಟಿಸಿಬಿಡುತ್ತದೆ. ತೆಗೆದು ತೊಳೆಯುವಂತಿಲ್ಲ; ಸಂದಿಯಲ್ಲಿ ಅನ್ನ ನಿಲ್ಲುತ್ತದೆ, ವಸಡು ಕೊಳೆಯುತ್ತದೆ, ಒಂದು ಹಲ್ಲಿನ ಆಸೆಗೆ ಇನ್ನೆರಡು ಹೋಗುತ್ತವೆ. ಸರಿಯಾಗಿ ಶುದ್ಧಿ ಮಾಡದ ಇಕ್ಕಳ ಒಬ್ಬರ ನೆತ್ತರಿನಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ಯಂಥ ರೋಗವನ್ನು ದಾಟಿಸಬಲ್ಲುದು. ಇದಕ್ಕಿಂತಲೂ ಭಯಂಕರವಾದದ್ದು ಇನ್ನೊಂದಿದೆ. ತಂಬಾಕು, ಗುಟ್ಕಾ ಜಗಿಯುವ ನಮ್ಮ ನಾಡಿನಲ್ಲಿ ಬಾಯಿಯ ಕ್ಯಾನ್ಸರು ಗಂಡಸರನ್ನು ಹೆಚ್ಚಾಗಿ ಹಿಡಿಯುವ ಕ್ಯಾನ್ಸರುಗಳಲ್ಲೊಂದು. ಕೆನ್ನೆಯ ಒಳಗಿನ ಬಿಳಿಯ ಮಚ್ಚೆಯನ್ನು ಕಂಡು ‘ಇದನ್ನು ಪರೀಕ್ಷೆ ಮಾಡಿಸಿ’ ಎನ್ನಲು ಕಲಿತ ಕಣ್ಣು ಬೇಕು. ಹಲ್ಲನ್ನಷ್ಟೇ ನೋಡುವವನಿಗೆ ಮಚ್ಚೆ ಕಾಣುವುದಿಲ್ಲ.

ಪದವಿಗೂ ನೋಂದಣಿಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಇಲ್ಲಿ. ಪದವಿ ಕಲಿತದ್ದಕ್ಕೆ ಸಾಕ್ಷಿ. ನೋಂದಣಿ ಹೊಣೆಗೆ ಸಾಕ್ಷಿ. ವಿಶ್ವವಿದ್ಯಾಲಯ ಪರೀಕ್ಷೆಯ ದಿನದ ಅರಿವನ್ನು ಅಳೆದು ಮುಂದಕ್ಕೆ ಕಳುಹಿಸುತ್ತದೆ. ಅಭ್ಯರ್ಥಿ ಮುಂದೆ ಹೇಗೆ ನಡೆದುಕೊಂಡ ಎಂದು ಅದು ವಿಚಾರಿಸುವುದಿಲ್ಲ. ಪಟ್ಟಿ ವಿಚಾರಿಸುತ್ತದೆ. ವೃತ್ತಿಗೆ ತಕ್ಕುದಲ್ಲದ ನಡತೆ ರುಜುವಾತಾದರೆ, ಅವರ ಅಹವಾಲನ್ನು ಕೇಳಿದ ಮೇಲೆ, ಹೆಸರನ್ನು ಹೊಡೆದುಹಾಕುವ ಅಧಿಕಾರವನ್ನು 1948ರ ಕಾಯಿದೆ ರಾಜ್ಯ ಪರಿಷತ್ತಿಗೆ ಕೊಟ್ಟಿತು. ಅಳಿಸಲು ಬರುವ ಹೆಸರಾದುದರಿಂದಲೇ ಅದಕ್ಕೆ ಬೆಲೆ. ಅರ್ಜಿಗೆ ಸಹಿ ಹಾಕುವವರೆಗೆ ವಿದ್ಯಾರ್ಥಿ ತನ್ನ ಗುರುಗಳಿಗೆ ಉತ್ತರ ಹೇಳಬೇಕಾದವನು. ಸಹಿ ಹಾಕಿದ ಮೇಲೆ, ಇನ್ನೂ ಮುಖ ಕಾಣದ ಸಾವಿರಾರು ಜನಕ್ಕೆ ಉತ್ತರ ಹೇಳಬೇಕಾದವನು.

2023ರಲ್ಲಿ ಸಂಸತ್ತು, 1948ರ ಕಾಯಿದೆಯ ಸ್ಥಾನಕ್ಕೆಂದು, ರಾಷ್ಟ್ರೀಯ ದಂತ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ವ್ಯಾಸಂಗದ ಕೊನೆಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಅದರಲ್ಲಿ ತೇರ್ಗಡೆಯಾದವರಿಗೆ ಪಟ್ಟಿಯಲ್ಲಿ ಸ್ಥಾನ ಎಂಬುದು ಅದರ ಆಶಯಗಳಲ್ಲೊಂದು. ಸಂಸ್ಥೆಯ ಹೆಸರು ಬದಲಾಗಬಹುದು, ಪರೀಕ್ಷೆಯ ರೀತಿ ಬದಲಾಗಬಹುದು. ಬರೆದಿಟ್ಟ ಒಂದು ಪಟ್ಟಿ ಬೇಕು ಎಂಬ ತತ್ತ್ವವನ್ನು ಹೊಸ ಶಾಸನವೂ ಕೈಬಿಟ್ಟಿಲ್ಲ. ಆ ಪಟ್ಟಿ ಇರುವುದು ನಮಗಾಗಿ. ಚಿಕಿತ್ಸಾಲಯದ ಗೋಡೆಯ ಮೇಲಿನ ಪ್ರಮಾಣಪತ್ರವನ್ನೂ ಅದರ ನೋಂದಣಿ ಸಂಖ್ಯೆಯನ್ನೂ ನೋಡುವುದು ಅವಿಶ್ವಾಸವಲ್ಲ. ನಿಜವಾಗಿ ಕಲಿತವರಿಗೆ ಅದರಿಂದ ಬೇಸರವೂ ಆಗದು.

ಕೊನೆಯದಾಗಿ ಒಂದು ಮಾತು. ನೋಂದಣಿಯಿಲ್ಲದವರು ಈ ವೃತ್ತಿ ಮಾಡಕೂಡದೆಂದು ವಿಧಿಸಿದ 1948ರ ಕಾಯಿದೆ ಒಂದು ವಿನಾಯಿತಿಯನ್ನೂ ಇಟ್ಟಿತ್ತು. ತುರ್ತಾಗಿದ್ದು, ನೋಂದಾಯಿತ ದಂತವೈದ್ಯರು ಸಿಕ್ಕದೆ ಹೋದರೆ, ಅರಿವಳಿಕೆಯನ್ನು ಕೊಡದೆ ಯಾರು ಬೇಕಾದರೂ ಹಲ್ಲು ಕೀಳಬಹುದು! ಓದಿದಾಗ ಮೊದಲು ನಗು ಬಂದಿತು, ಆಮೇಲೆ ಬರಲಿಲ್ಲ. ವೈದ್ಯರಿಲ್ಲದ ಊರುಗಳ ನೋವನ್ನು ಬಲ್ಲವರೇ ಆ ಸಾಲನ್ನು ಬರೆದಿರಬೇಕು. ಯಾರನ್ನು ನಂಬಬಹುದೆಂದು ಪಟ್ಟಿ ಹೇಳಬಲ್ಲುದು. ಅವರನ್ನು ದೂರದ ಹಳ್ಳಿಯ ಬಾಗಿಲಿಗೆ ಕಳುಹಿಸಲಾರದು. ಅದು ಸರ್ಕಾರದ ಕೆಲಸ, ಸಮಾಜದ ಕೆಲಸ. ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು ಹೊರಬರುವ ತರುಣ ತರುಣಿಯರ ಮನಸ್ಸಿನ ಕೆಲಸವೂ ಹೌದು.