ಫರಸಿಯ ಊರಿನ ಮುಪ್ಪಿನ ಲೆಕ್ಕ

ರಾವೂರಿನಿಂದ ಶಹಾಬಾದಕ್ಕೆ ಹೋಗುವ ದಾರಿಯಲ್ಲಿ, ಖಣಿಯಿಂದ ಎಬ್ಬಿಸಿ ತಂದು ಒಂದರ ಬೆನ್ನಿಗೊಂದನ್ನು ಆನಿಸಿ ನಿಲ್ಲಿಸಿದ ಫರಸಿಗಳ ಸಾಲುಗಳನ್ನೂ, ಕೆಲಸಕ್ಕೆ ಬಾರದೆಂದು ಬಿಸುಟ ಒಡಕಲು ಕಲ್ಲಿನ ಗುಡ್ಡೆಗಳನ್ನೂ ಕಂಡವರಿಗೆ ಈ ನೆಲದ ಸಂಪತ್ತು ಯಾವುದೆಂದು ಬೇರೆ ಯಾರೂ ಹೇಳಬೇಕಾದುದಿಲ್ಲ. ಆದರೆ ಆ ಕಲ್ಲನ್ನು ಸೀಳಿದವರ, ಹೊತ್ತವರ, ಅದನ್ನೇ ಸುಟ್ಟು ಸಿಮೆಂಟು ಮಾಡಿದವರ ಆಯುರಾರೋಗ್ಯಗಳ ಲೆಕ್ಕ ಎಲ್ಲಿದೆಯೆಂದು ಕೇಳಿದರೆ ಮಾತ್ರ ಉತ್ತರಕ್ಕಾಗಿ ಬಹಳ ಅಲೆಯಬೇಕಾಗುವುದು. ಹಾಗೆ ಅಲೆದವನ ಮಾತುಗಳಿವು.

ಶಹಾಬಾದದ ಹಳೆಯ ಓಣಿಗಳು ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಮುಂಬಯಿಯಿಂದ ರಾಯಚೂರಿಗೆ ರೈಲುದಾರಿ 1871ರಲ್ಲಿ ಪೂರ್ಣಗೊಂಡು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟ ಮೇಲೆ, ಅದುವರೆಗೆ ಸುತ್ತಲಿನ ಹಳ್ಳಿಗಳ ಮನೆಗಳಿಗಷ್ಟೇ ಹಾಸುಗಲ್ಲಾಗಿದ್ದ ಫರಸಿಯು ದೂರದ ಪಟ್ಟಣಗಳ ನಡುಮನೆಗಳನ್ನು ಸೇರಲಾರಂಭಿಸಿತು. 1920ರ ದಶಕದಲ್ಲಿ ಸಿಮೆಂಟು ಕಾರ್ಖಾನೆ ಬಂದಿತು. 1936ರಲ್ಲಿ ಹಲವು ಸಿಮೆಂಟು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅದೂ ಅದರೊಳಗೆ ಸೇರಿತು. 1959ರಲ್ಲಿ ಭಾರೀ ಯಂತ್ರಗಳನ್ನು ಮಾಡುವ ಎ.ವಿ.ಬಿ. ಸ್ಥಾಪನೆಯಾಯಿತು, 1968ರಲ್ಲಿ ವಾಡಿಯ ಕಾರ್ಖಾನೆ. ಒಂದೊಂದು ಚಿಮಣಿ ಎದ್ದಾಗಲೂ ಚಿತ್ತಾಪುರ, ಸೇಡಂ, ಚಿಂಚೋಳಿಗಳ ಹಳ್ಳಿಗಳಿಂದ, ತೆಲಂಗಾಣದಿಂದ, ಸೊಲ್ಲಾಪುರದ ಕಡೆಯಿಂದ ಪಗಾರವನ್ನು ನೆಚ್ಚಿ ಬಂದ ತರುಣರು ಒಂದೊಂದು ಓಣಿಯನ್ನು ತುಂಬಿದರು. ಅವರೆಲ್ಲ ಹೆಚ್ಚುಕಡಮೆ ಒಂದೇ ವಯಸ್ಸಿನವರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಒಟ್ಟಿಗೆ ತರುಣರಾಗಿದ್ದವರು ಒಟ್ಟಿಗೇ ಮುದುಕರಾಗುವರು. ಕಾರ್ಖಾನೆ ನಿಂತುಹೋದ ಊರಿನಲ್ಲಿ ಅವರ ಜಾಗಕ್ಕೆ ಹೊಸ ತರುಣರು ಬರುವುದಿಲ್ಲ, ಮನೆಯಲ್ಲಿದ್ದವರೂ ಪುಣೆ, ಮುಂಬಯಿ, ಹೈದರಾಬಾದುಗಳ ರೈಲು ಹತ್ತುವರು.

ಜನಸಂಖ್ಯಾಶಾಸ್ತ್ರಜ್ಞರು ಒಂದು ಪ್ರದೇಶದ ಜನರನ್ನು ವಯಸ್ಸಿನ ಪ್ರಕಾರ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ ಚಿತ್ರ ಬರೆಯುವುದುಂಟು. ಮಕ್ಕಳು ಹೆಚ್ಚಿರುವ ಊರಿನ ಚಿತ್ರ ಅಗಲವಾದ ಬುಡದ ಗೋಪುರದಂತಿದ್ದರೆ, ಇಂಥ ಓಣಿಯದು ನಡು ಬತ್ತಿ ತಲೆ ಭಾರವಾದ ಮಡಕೆಯಂತೆ ಕಾಣುವುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ 9.5, 2021ಕ್ಕೆ ಅದು ಸುಮಾರು 11.5 ಆಗಿರಬೇಕೆಂದು ಸರ್ಕಾರದ ಅಂದಾಜು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಹೆಣ್ಣೊಬ್ಬಳು ಹೆರುವ ಮಕ್ಕಳ ಸರಾಸರಿ 1.7ಕ್ಕೆ ಇಳಿದಿದೆ. ಆದುದರಿಂದ ಇಡೀ ನಾಡೇ ಮುಪ್ಪಿನತ್ತ ಸಾಗಿರುವಾಗ ಶಹಾಬಾದದಂಥ ಊರು ನಾಲ್ಕು ಹೆಜ್ಜೆ ಮುಂದಿದ್ದರೆ ಸೋಜಿಗಪಡಬೇಕಾದುದಿಲ್ಲ.

ಸೋಜಿಗವಿರುವುದು ಬೇರೆಡೆ. ನಗರದ ಒಂದು ವಾರ್ಡಿನ ಜನಗಣತಿಯ ಸಾರಾಂಶವನ್ನು ತೆರೆದು ನೋಡಿ: ಒಟ್ಟು ಜನ, ಗಂಡು, ಹೆಣ್ಣು, ಆರು ವರ್ಷದವರೆಗಿನ ಕೂಸುಗಳು, ಅಕ್ಷರಸ್ಥರು, ದುಡಿಯುವವರು, ದುಡಿಯದವರು ಎಲ್ಲರೂ ಅಲ್ಲಿದ್ದಾರೆ. ಮುದುಕರಿಲ್ಲ. ಮುದುಕರನ್ನು ಎಣಿಸಿಲ್ಲವೆಂದಲ್ಲ, ಅವರು ಜಿಲ್ಲೆಯ, ದೊಡ್ಡ ನಗರಗಳ ವಯೋಪಟ್ಟಿಗಳಲ್ಲಿ ಕರಗಿಹೋಗಿದ್ದಾರೆ. ಓಣಿಯೊಂದರಲ್ಲಿ ಎಷ್ಟು ಕೂಸುಗಳಿಗೆ ಲಸಿಕೆ ಬೇಕೆಂದು ನಗರಸಭೆಗೆ ಗೊತ್ತಾಗುವುದು, ಎಷ್ಟು ಮಂದಿಗೆ ಊರುಗೋಲು ಬೇಕೆಂಬುದು ಗೊತ್ತಾಗುವುದಿಲ್ಲ. ಕಾರ್ಖಾನೆಯ ವಸತಿಯನ್ನು 'ಶಹಾಬಾದ ಎ.ಸಿ.ಸಿ.' ಎಂಬ ಹೆಸರಿನಲ್ಲಿ ಊರಿನಿಂದ ಬೇರೆಯಾಗಿಯೇ ಎಣಿಸುತ್ತಿದ್ದ ಕಾಲವೂ ಒಂದಿತ್ತು. ಅದೇ ಧೂಳನ್ನುಂಡ ಅಣ್ಣ ಒಂದು ಪಟ್ಟಿಯಲ್ಲಿ, ತಮ್ಮ ಇನ್ನೊಂದು ಪಟ್ಟಿಯಲ್ಲಿ.

ಇನ್ನು ವಯಸ್ಸಾದರೂ ನಿಶ್ಚಿತವೇ? ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ.

"ಮುತ್ಯಾ, ವಯಸ್ಸೆಷ್ಟಾಯ್ತ್ರೀ?"

"ಯಾರಿಗ್ ಗೊತ್ತೋ ತಮ್ಮಾ. ರಜಾಕಾರರ ಗದ್ಲದಾಗ ನಮ್ಮವ್ವನ ಬಗಲಾಗ ಇದ್ನಂತ."

1948ರ ಆ ಗದ್ದಲವೂ 1972ರ ಬರಗಾಲವೂ ಈ ಭಾಗದ ಹಿರಿಯರಿಗೆ ಪಂಚಾಂಗವಿದ್ದಂತೆ. ಜನನ ಮರಣಗಳ ನೋಂದಣಿಯ ಕಾಯಿದೆ ದೇಶಕ್ಕೆಲ್ಲ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಶಾಲೆಗೆ ಹೋದ ಬಹುಮಂದಿ ಮಾಸ್ತರರ ಕೃಪೆಯಿಂದ ಜೂನ್ 1ರಂದು ಹುಟ್ಟಿದವರು, ಹೋಗದವರು ಕಾರ್ಖಾನೆಯ ಗುಮಾಸ್ತನು ಮುಖ ನೋಡಿ ಬರೆದುಕೊಂಡ ವರ್ಷದಲ್ಲಿ ಹುಟ್ಟಿದವರು. ಗಣತಿಯವರು ಬಂದಾಗ ಹೇಳುವ ವಯಸ್ಸುಗಳೆಲ್ಲ ಅರವತ್ತು, ಅರವತ್ತೈದು, ಎಪ್ಪತ್ತು ಎಂದು ಸೊನ್ನೆಗೋ ಐದಕ್ಕೋ ಬಂದು ನಿಲ್ಲುವುವು. ಈ ಗುಡ್ಡೆ ಬೀಳುವಿಕೆಯನ್ನು ಅಳೆಯಲೆಂದೇ ಶಾಸ್ತ್ರಜ್ಞರು ಸೂಚ್ಯಂಕಗಳನ್ನು ಮಾಡಿಕೊಂಡಿದ್ದಾರೆ. ಇಷ್ಟಾಗಿ, ಅರವತ್ತೆಂಬ ಗೆರೆಯೇ ನಮ್ಮ ಕಡೆಗೆ ಹೊಂದತಕ್ಕದ್ದಲ್ಲವೆಂಬುದು ನನ್ನ ಮತ. ಹದಿನಾಲ್ಕರಲ್ಲಿ ಸುತ್ತಿಗೆ ಹಿಡಿದವನು ನಲವತ್ತೈದಕ್ಕೆ ಮೂವತ್ತು ವರ್ಷ ದುಡಿದಿರುತ್ತಾನೆ. ಮಾಳಗಿಯ ಮೆಟ್ಟಿಲೇರುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುವ ಅವನನ್ನು ಸರ್ಕಾರದ ಪಟ್ಟಿಯು ಇನ್ನೂ ಹದಿನೈದು ವರ್ಷ ತರುಣನೆಂದೇ ಕರೆಯುವುದು.

ಫರಸಿಯನ್ನು ಎಬ್ಬಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಭೀಮಾ ತೀರದ ಈ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಮಲಗಿದೆ. ಕೆಲಸಗಾರನು ಕುಕ್ಕರಗಾಲಿನಲ್ಲಿ ಕುಳಿತು, ಪದರದ ಸಂದಿಗೆ ಉಳಿಯನ್ನಿಟ್ಟು, ಸಾಲಾಗಿ ಹಗುರವಾಗಿ ಹೊಡೆಯುತ್ತ ಹೋಗುತ್ತಾನೆ. ಪ್ರತಿ ಪೆಟ್ಟಿಗೂ ಕಿವಿಗೊಡುತ್ತಾನೆ. ದನಿ ಗಟ್ಟಿಯಾಗಿ ಬಂದರೆ ಇನ್ನೂ ಬಿಟ್ಟಿಲ್ಲ, ಪೊಳ್ಳಾಗಿ ಬಂದರೆ ಕಲ್ಲು ಎದ್ದಿತು. ಆಗ ಸಲಾಕೆಯನ್ನು ತೂರಿಸಿ ಮೀಟಿದರೆ ಚಾಪೆಯಷ್ಟಗಲದ ಹಾಳೆಯೊಂದು ಮೇಲೇಳುವುದು, ಅದರೊಡನೆ ಹಿಟ್ಟಿನಂಥ ಧೂಳೂ ಏಳುವುದು. ಕಣ್ಣಿಗೆ ಕಾಣುವ ಆ ಧೂಳಿಗೆ ಅಂಜಬೇಕಾದುದು ಕಡಿಮೆ. ಅದು ಮೂಗು ಗಂಟಲುಗಳಲ್ಲೇ ಸಿಕ್ಕಿ ಕೆಮ್ಮಿನಲ್ಲಿ ಹೊರಬೀಳುವುದು. ಕೂದಲೆಳೆಯ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ಸಣ್ಣದಾದ, ಕಣ್ಣಿಗೆ ಬೀಳದ ಕಣಗಳೇ ಪುಪ್ಪುಸದ ಕೊನೆಯ ಗಾಳಿಗೂಡುಗಳನ್ನು ಹೊಕ್ಕು ಅಲ್ಲೇ ಮನೆಮಾಡುವಂಥವು.

ಸುಣ್ಣಕಲ್ಲು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ಅದೊಂದೇ ಆಗಿದ್ದರೆ ಅಷ್ಟು ಭಯಪಡಬೇಕಾದುದಿಲ್ಲ. ಅದರೊಡನೆ ಬೆರೆತಿರುವ ಸಿಲಿಕದ ಅಂಶವೇ ವೈರಿ: ಅದು ಹೊಕ್ಕಲ್ಲೆಲ್ಲ ಗಾಯದ ಕಲೆಯಂಥ ಗಂಟುಗಳೆದ್ದು ಪುಪ್ಪುಸದ ಮೃದುತ್ವ ಹೋಗುವುದು. ಇದೇ ಸಿಲಿಕೋಸಿಸ್. ಇದಕ್ಕೆ ಮದ್ದಿಲ್ಲ, ಮೇಲಾಗಿ ಕ್ಷಯವನ್ನು ಬೇಗ ಕರೆತರುವ ಗುಣ ಇದಕ್ಕುಂಟು. ಸಿಮೆಂಟಿನ ಧೂಳಿನದು ಇನ್ನೊಂದು ಬಗೆ. ತೀವ್ರ ಕ್ಷಾರವಾದ ಅದು ಶ್ವಾಸನಾಳವನ್ನು ಕೆರಳಿಸಿ ಬಹುಕಾಲದ ಕೆಮ್ಮು ಕಫಗಳನ್ನು ತರುವುದು, ಕೈಯ ತೊಗಲನ್ನು ಬಿರಿಯಿಸುವುದು. ಓಣಿಯಲ್ಲಿ ಇವೆರಡಕ್ಕೂ 'ದಮ್ಮು' ಎಂಬ ಒಂದೇ ಹೆಸರು. ಸಿಲಿಕೋಸಿಸ್ ಹತ್ತು, ಇಪ್ಪತ್ತು, ಒಮ್ಮೊಮ್ಮೆ ಮೂವತ್ತು ವರ್ಷ ತಡೆದು ತೋರತಕ್ಕ ರೋಗವೆಂಬುದೇ ಇಲ್ಲಿ ಮುಖ್ಯ ಮಾತು. ಅಷ್ಟು ಹೊತ್ತಿಗೆ ಖಣಿ ಮುಚ್ಚಿ ಮಳೆನೀರಿನ ಹೊಂಡವಾಗಿರುತ್ತದೆ, ಗುತ್ತಿಗೆದಾರನು ತೀರಿಕೊಂಡಿರುತ್ತಾನೆ, ಹಾಜರಿ ಪುಸ್ತಕವನ್ನು ಗೆದ್ದಲು ತಿಂದಿರುತ್ತದೆ.

ಈ ರೋಗವನ್ನು ಎಣಿಸಲಾಗದೆಂದು ಹೇಳುವವರು ನಮ್ಮ ರಾಜ್ಯದಲ್ಲೇ ಇರುವ ಕೋಲಾರದ ಚಿನ್ನದ ಗಣಿಯನ್ನು ನೆನೆಯಬೇಕು. 1940ರಿಂದ 46ರವರೆಗೆ ಅಲ್ಲಿನ 7,653 ಕೆಲಸಗಾರರನ್ನು ಕ್ರಮವಾಗಿ ಪರೀಕ್ಷಿಸಿದಾಗ ನೂರಕ್ಕೆ 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಅಲ್ಲಿಯ ಕಲ್ಲು ಬೇರೆ, ಆಳ ಬೇರೆ. ಆ ಅಂಕಿಯನ್ನು ತಂದು ಶಹಾಬಾದಕ್ಕೆ ಅಂಟಿಸುವುದು ಅನ್ಯಾಯವಾದೀತು. ಆದರೆ ಹುಡುಕಿದುದರಿಂದ ಅಲ್ಲಿ ಸಿಕ್ಕಿತು. ಈಗಂತೂ ಕಾಯಿದೆಯ ಪ್ರಕಾರ ಸಿಲಿಕೋಸಿಸ್ ಅಧಿಸೂಚಿತ ರೋಗ. ಕಾರ್ಖಾನೆಯಲ್ಲಿ ದುಡಿದವನಲ್ಲಿ ಅದನ್ನು ಕಂಡ ವೈದ್ಯನು ಸರ್ಕಾರದ ಅಧಿಕಾರಿಗಳಿಗೆ ತಿಳಿಸಲೇಬೇಕು.

ಹೆಂಗಸರ ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. 2011ರಲ್ಲಿ ಭಾರತದ ಅರವತ್ತು ದಾಟಿದವರಲ್ಲಿ ಸಾವಿರ ಗಂಡಸರಿಗೆ 1,033 ಹೆಂಗಸರಿದ್ದರು. ಹೆಣ್ಣು ತನಗಿಂತ ಹಿರಿಯನನ್ನು ವರಿಸಿ ಅವನಿಗಿಂತ ಹೆಚ್ಚು ಕಾಲ ಬಾಳುವಳಾದುದರಿಂದ, ಹಳೆಯ ಓಣಿಯೆಂದರೆ ಬಹುಪಾಲು ವಿಧವೆಯರ ಓಣಿ. ಖಣಿಯಲ್ಲಿ ತಲೆಯ ಮೇಲೆ ಕಲ್ಲು ಹೊತ್ತವಳು, ಮನೆಗೆ ಬಂದು ಗಂಡನ ಧೂಳು ಮೆತ್ತಿದ ಅಂಗಿಯನ್ನು ಝಾಡಿಸಿ ಒಗೆದವಳು, ಬಳಿಕ ಕಟ್ಟಿಗೆಯ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವಳು, ಹೀಗೆ ಮೂರು ಬಗೆಯ ಧೂಳು ಹೊಗೆಗಳನ್ನು ಉಂಡವಳು ವೈದ್ಯರ ಮುಂದೆ ಹೇಳುವುದು ಮಾತ್ರ ಮೊಣಕಾಲ ಬ್ಯಾನಿಯೊಂದನ್ನೇ.

ನೀರಿನ ವಿಷಯದಲ್ಲಿ ಜನರ ನಂಬಿಕೆ ಗಟ್ಟಿಯಾದುದು. ಸುಣ್ಣಕಲ್ಲಿನ ನೆಲದ ಬೋರಿನ ನೀರು ಗಡಸು. ಕಾಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಕಂಡವರು ಮೂತ್ರಪಿಂಡದ ಹರಳೂ ಅದರಿಂದಲೇ ಎನ್ನುವರು. ವೈದ್ಯಶಾಸ್ತ್ರವು ಅದನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ನಲವತ್ತಮೂರು ಡಿಗ್ರಿಯ ವೈಶಾಖದಲ್ಲಿ, ಕಾದ ಫರಸಿಯ ಛಾವಣಿಯ ಕೆಳಗೆ, ರಾತ್ರಿ ಎದ್ದು ಹೊರಗೆ ಹೋಗಬೇಕಾದೀತೆಂಬ ಅಳುಕಿನಿಂದ ನೀರನ್ನೇ ಕಡಿಮೆ ಕುಡಿಯುವ ಮುದುಕಿಯ ಅಭ್ಯಾಸವನ್ನು ಮೊದಲು ವಿಚಾರಿಸಬೇಕೆಂದು ನನಗೆ ತೋರುವುದು. ನೀರಿನಿಂದಲೇ ಈ ಜಿಲ್ಲೆ ಗೆದ್ದ ಯುದ್ಧವೊಂದುಂಟು. ಮೆಟ್ಟಿಲುಬಾವಿಗಳಲ್ಲಿ ಇಳಿದು ನೀರು ತುಂಬುತ್ತಿದ್ದ ಕಾಲದಲ್ಲಿ ಕಾಲಿನಿಂದ ದಾರದಂಥ ಹುಳು ಹೊರಡುವ ನಾರುಹುಣ್ಣು ಇಲ್ಲಿ ಮನೆಮಾತಾಗಿತ್ತು. ಬಾವಿಗಳನ್ನು ತಿದ್ದಿ, ನೀರನ್ನು ಸೋಸಿ ಕುಡಿಯಲು ಕಲಿಸಿದ ಮೇಲೆ, ಭಾರತವು ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಸಾರಿತು. ಇಂದು ನಲವತ್ತರ ಕೆಳಗಿನವರು ಆ ಹೆಸರನ್ನೇ ಅರಿಯರು.

ಮುಪ್ಪಿನ ಆದಾಯದ ಮಾತು ಚಿಕ್ಕದು, ಆದಾಯವೂ ಹಾಗೆಯೇ. ಕಾರ್ಖಾನೆಯ ಕಾಯಂ ನೌಕರನಾಗಿದ್ದವನಿಗೆ 1995ರ ಭವಿಷ್ಯನಿಧಿ ಪಿಂಚಣಿ ಯೋಜನೆಯುಂಟು. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ ಸಾವಿರ ರೂಪಾಯಿಯೆಂದು ಗೊತ್ತುಮಾಡಿದರು. ಇ.ಎಸ್.ಐ. ಚಂದಾದಾರನಾಗಿ ಐದು ವರ್ಷವಾದರೂ ದುಡಿದು ನಿವೃತ್ತನಾದವನು ವರ್ಷಕ್ಕೆ 120 ರೂಪಾಯಿ ಕಟ್ಟಿ ದಂಪತಿಗಳಿಬ್ಬರ ಚಿಕಿತ್ಸೆಯನ್ನು ಮುಂದುವರಿಸಿಕೊಳ್ಳಬಹುದೆಂಬುದನ್ನು ನಾನು ಹೇಳಿದಾಗ ಕಟ್ಟೆಯ ಮೇಲಿದ್ದ ಆರು ಜನರಲ್ಲಿ ಐವರು ಅದನ್ನು ಕೇಳಿಯೇ ಇರಲಿಲ್ಲ. ಖಣಿಯವರಿಗೆ ಇವೆರಡೂ ದೂರ.

ಓಣಿಯಲ್ಲಿ ಸಾವಿಗೂ ಲೆಕ್ಕವಿಲ್ಲ. ಮನೆಯಲ್ಲೇ ತೀರಿಕೊಂಡವರ ಮರಣದ ಕಾರಣವನ್ನು ಕೇಳಿದರೆ ದೊರೆಯುವ ಉತ್ತರ ಒಂದೇ: "ವಯಸ್ಸಾಗಿತ್ತ್ರೀ."

ಅಂದು ಕಟ್ಟೆಯ ಆ ಮುತ್ಯಾ ಒಳಗೆ ಹೋಗಿ, ಹಾಸಿಗೆಯ ಕೆಳಗೆ ಸುರುಳಿ ಸುತ್ತಿಟ್ಟಿದ್ದ ಎಕ್ಸ್‌ರೇ ಹಾಳೆಯೊಂದನ್ನು ತಂದು, ಬಾಗಿಲ ಬೆಳಕಿಗೆ ಹಿಡಿದು, "ಇದ್ರಾಗ ಏನದ ನೋಡು" ಎಂದರು. ಪಕ್ಕೆಲುಬುಗಳ ನಡುವೆ ಹಿಟ್ಟು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. ಅವುಗಳ ಅರ್ಥವನ್ನು ಹೇಳುವ ಅಧಿಕಾರ ನನಗಿರಲಿಲ್ಲ. ಎಲ್ಲಿ ದುಡಿದಿರಿ, ಚೀಟಿಯೇನಾದರೂ ಇದೆಯೇ ಎಂದು ಕೇಳಿದೆ. ಪಗಾರದ ಚೀಟಿಗಳನ್ನು ಸೊಸೆ ಮನೆ ಬಳಿದಾಗ ಒಲೆಗೆ ಹಾಕಿದ್ದಳು.

ಮುಂದಿನ ಜನಗಣತಿಯ ಗಣನಾ ದಿನ 2027ರ ಮಾರ್ಚ್ 1. ಈ ಭಾಗದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಎಣಿಸುವವರು ಬಾಗಿಲಿಗೆ ಬಂದಾಗ ಮನೆಯ ಹಿರಿಯರ ವಯಸ್ಸನ್ನು ಬಾಯಿಗೆ ಬಂದಂತೆ ಅರವತ್ತು, ಎಪ್ಪತ್ತೆನ್ನದೆ, ರಜಾಕಾರರ ಗದ್ದಲದಿಂದಲೋ ಬರಗಾಲದಿಂದಲೋ ಕೈಬೆರಳೆಣಿಸಿ ಸರಿಯಾಗಿ ಹೇಳಿರಿ, ಅವರ ಎಕ್ಸ್‌ರೇ ಹಾಳೆ, ಹಾಜರಿ ಕಾರ್ಡು, ಹಳೆಯ ಪಗಾರ ಚೀಟಿ ಯಾವುದಿದ್ದರೂ ಒಂದೇ ಪೆಟ್ಟಿಗೆಯಲ್ಲಿಡಿರಿ, ದೀಪಾವಳಿಗೆ ಮನೆ ಸಾರಿಸುವಾಗ ಅದನ್ನು ಒಲೆಗೆ ಹಾಕಬೇಡಿರಿ.